ಎಂಟನೆಯ ಸಂಖ್ಯೆ

ಕ್ಯಾಲ್ಕ್ಯುಲೇಟರ್ ಕೈಗೆ ತಗೊಳ್ಳಿ. ಅಥವಾ ಪೈಥಾನ್ ತೆರೆಯಿರಿ. ಇದನ್ನು ಓದುತ್ತಿರುವವರಲ್ಲಿ ಅರ್ಧ ಜನರ ಲ್ಯಾಪ್‌ಟಾಪಿನಲ್ಲಿ ಆ ಕಪ್ಪು ವಿಂಡೋ ಹೇಗೂ ತೆರೆದೇ ಇರುತ್ತೆ.

31 ಒಂದು ಅವಿಭಾಜ್ಯ ಸಂಖ್ಯೆ. 1ನ್ನೂ ತನ್ನನ್ನೂ ಬಿಟ್ಟರೆ ಬೇರೆ ಯಾವುದಕ್ಕೂ ಬಗ್ಗದ ಸಂಖ್ಯೆ ಅಂತ ಆರನೇ ಕ್ಲಾಸಿನಲ್ಲಿ ಕಲಿತದ್ದು ನೆನಪಿರಬಹುದು. ಈಗ ಎಡಗಡೆ ಒಂದು 3 ಸೇರಿಸಿ. 331, ಅದೂ ಅವಿಭಾಜ್ಯ. ಇನ್ನೊಂದು 3 ಸೇರಿಸಿ, 3331, ಅದೂ. 33331, ಅದೂ. 333331, ಅದೂ. 3333331, ಅದೂ. 33333331, ಅದೂ.

ಏಳು ಸಲ ಆಯಿತು. ಒಂದು ಸಲವೂ ತಪ್ಪಿಲ್ಲ. ದೊಡ್ಡದಾಗುತ್ತಾ ಹೋದಂತೆ ಅವಿಭಾಜ್ಯಗಳು ವಿರಳವಾಗುತ್ತವೆ, ಹಾಗಾಗಿ ಏಳು ಸಲ ಸತತವಾಗಿ ಸಿಗುವುದು ಕಾಕತಾಳೀಯ ಅಂತ ಒಪ್ಪಿಕೊಳ್ಳಲು ಮನಸ್ಸು ಬರಲ್ಲ. ಇಲ್ಲೇನೋ ನಿಯಮ ಇದೆ ಅಂತಲೇ ಅನ್ನಿಸುತ್ತೆ. ಎಂಟನೆಯದನ್ನು ನೋಡೋಣ: 333333331. ಇದು 17 ಗುಣಿಸು 19607843. ಕಥೆ ಮುಗಿಯಿತು.

ಕಾಲೇಜಿನಲ್ಲಿ ಇದನ್ನು ಮೊದಲು ನೋಡಿದಾಗ 17 ಬಂದು ಆಟ ಕೆಡಿಸಿತಲ್ಲ ಅಂತ ಬೇಸರವಾಗಿತ್ತು. ಎಷ್ಟೋ ವರ್ಷಗಳ ನಂತರ, ಒಂದು ಸಂಜೆ ಆಫೀಸ್ ಬಸ್ಸು ಸಿಲ್ಕ್ ಬೋರ್ಡ್ ಹತ್ತಿರ ನಿಂತೇ ಇದ್ದಾಗ, ಪೆನ್ನು ಹಿಡಿದು ಲೆಕ್ಕ ಮಾಡಿ ನೋಡಿದೆ. 17 ಬರದೇ ಇದ್ದಿದ್ದರೂ ಈ ಆಟ ಕೆಡುತ್ತಿತ್ತು. ಹತ್ತರ ಘಾತಗಳನ್ನು 31ರಿಂದ ಭಾಗಿಸುತ್ತಾ ಹೋದರೆ ಶೇಷಗಳು 15 ಹೆಜ್ಜೆಗೊಮ್ಮೆ ಮೊದಲಿನಿಂದ ಶುರುವಾಗುತ್ತವೆ, ಗಾಣದ ಎತ್ತಿನ ಹಾಗೆ. ಆದ್ದರಿಂದ ನಮ್ಮ ಸಾಲಿನ ಮೊದಲನೆಯ ಸಂಖ್ಯೆಯಾದ 31, ಹದಿನಾರನೆಯ ಸಂಖ್ಯೆಯನ್ನು ಭಾಗಿಸಲೇಬೇಕು. ಹದಿನಾರು 3, ಕೊನೆಗೊಂದು 1, ಅದು 31ಕ್ಕೆ ಬಗ್ಗುತ್ತೆ. 331 ಕೂಡ ಮುಂದೆಲ್ಲೋ ಹಾಗೇ ತಿರುಗಿ ಬರುತ್ತೆ. ನಿಯಮ ಮುರಿಯುವುದು ಮೊದಲನೇ ಹೆಜ್ಜೆಯಲ್ಲೇ ನಿಶ್ಚಯವಾಗಿತ್ತು. ಎಂಟರವರೆಗೆ ನಮಗೆ ಕಾಣಲಿಲ್ಲ, ಅಷ್ಟೇ.

ಒಂದು ವಿಷಯ ಎಷ್ಟು ಸಲ ನಿಜವಾದರೆ ಅದನ್ನು ನಂಬುವ ಹಕ್ಕು ನಮಗೆ ಬರುತ್ತದೆ? ಏಳು ಸಲ ಸಾಕೆ? ನೂರು? ಕೋಟಿ? ಇದನ್ನು ಗಣಿತದವರ ತಲೆಬಿಸಿ ಅಂತ ಬಿಟ್ಟುಬಿಡಬಹುದಿತ್ತು, ಆದರೆ ನನಗೆ ಸಂಬಳ ಬರುವುದೇ ಈ ಪ್ರಶ್ನೆಗೆ ಏನೋ ಒಂದು ಉತ್ತರ ಕೊಟ್ಟು ಕೋಡ್ ಬರೆಯುವುದಕ್ಕೆ. ಹಿಂದೆ ನಡೆದದ್ದನ್ನು ನೋಡಿ ಮುಂದಾಗುವುದನ್ನು ಹೇಳುವ ಮಾಡೆಲ್‌ಗಳನ್ನು ಕಟ್ಟುವವನು ನಾನು. ಯಾರಿಗೆ ಸಾಲ ಕೊಡಬೇಕು, ಯಾರ ರೆಸ್ಯೂಮೆ ಮೇಲೆ ಬರಬೇಕು, ಯಾವ ವಹಿವಾಟು ಮೋಸ ಅಂತ ತಡೆಯಬೇಕು, ಎಲ್ಲ ಕಡೆಯೂ ಇದೇ 31, 331, 3331.

ಅವಿಭಾಜ್ಯಗಳ ಚರಿತ್ರೆ ಈ ವಿಷಯದಲ್ಲಿ ಯಾರಿಗೂ ದಯೆ ತೋರಿಸಿಲ್ಲ. ಫರ್ಮಾ ಐದು ಸಂಖ್ಯೆ ನೋಡಿದ: 3, 5, 17, 257, 65537. ಎಲ್ಲವೂ 2ರ ಒಂದು ವಿಶೇಷ ಘಾತಕ್ಕೆ 1 ಸೇರಿಸಿದವು, ಎಲ್ಲವೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆ ಅಂದುಕೊಂಡ. 1732ರಲ್ಲಿ ಆಯ್ಲರ್ ಆರನೆಯದನ್ನು, ಅಂದರೆ 4294967297ನ್ನು, 641ರಿಂದ ಭಾಗಿಸಿ ತೋರಿಸಿದ. ಅದೇ ಆಯ್ಲರ್ 1772ರಲ್ಲಿ ತಾನೇ ಒಂದು ಸೊಗಸಾದ ಸೂತ್ರ ಕೊಟ್ಟ. ಯಾವುದೇ ಸಂಖ್ಯೆಯನ್ನು ಅದರ ಹಿಂದಿನದರಿಂದ ಗುಣಿಸಿ 41 ಕೂಡಿಸಿ. 2 ಗುಣಿಸು 1, ಕೂಡಿಸು 41, 43. ಮೂರಕ್ಕೆ 47. ನಾಲ್ಕಕ್ಕೆ 53. ಹೀಗೆ 40ರವರೆಗೂ ಬರೀ ಅವಿಭಾಜ್ಯಗಳೇ. 41ಕ್ಕೆ ಬಂದಾಗ 1681, ಅದು 41 ಗುಣಿಸು 41. ಇಲ್ಲೂ ಮುರಿದದ್ದು ಸೂತ್ರದ ಒಳಗೇ ಕೂತಿದ್ದ ಸಂಖ್ಯೆ. ನಮ್ಮ ರಾಮಾನುಜನ್ 1913ರಲ್ಲಿ ಹಾರ್ಡಿಗೆ ಬರೆದ ಪತ್ರದಲ್ಲಿ ಅವಿಭಾಜ್ಯಗಳನ್ನು ಎಣಿಸುವ ಬಗ್ಗೆಯೂ ಬರೆದಿದ್ದರು. ಸಣ್ಣ ಸಂಖ್ಯೆಗಳಿಗೆ ಬೆರಗಾಗುವಷ್ಟು ಸರಿಯಾಗಿದ್ದ ಆ ಸೂತ್ರ, ಅವರು ಅಂದುಕೊಂಡಷ್ಟು ನಿಖರವಲ್ಲ ಅಂತ ಆಮೇಲೆ ಗೊತ್ತಾಯಿತು. ರಾಮಾನುಜನ್ ಅವರಿಗೇ ಹೀಗಾದರೆ ಸ್ಪ್ರಿಂಟ್ ಮುಗಿಸುವ ಅವಸರದಲ್ಲಿರುವ ನಮ್ಮ ಪಾಡೇನು ಹೇಳಿ.

ನನಗೆ ಹೆಚ್ಚು ಇಷ್ಟವಾದದ್ದು ಚೆಬಿಶೇವ್ 1853ರಲ್ಲಿ ಗಮನಿಸಿದ ಓಟ. 2ನ್ನು ಬಿಟ್ಟರೆ ಎಲ್ಲ ಅವಿಭಾಜ್ಯಗಳೂ ಬೆಸ. 4ರಿಂದ ಭಾಗಿಸಿದಾಗ ಶೇಷ 1 ಉಳಿಯಬೇಕು ಅಥವಾ 3 ಉಳಿಯಬೇಕು. ಎರಡು ತಂಡ ಅಂದುಕೊಳ್ಳಿ. 3 ಬಂತು, ಮೂರರ ತಂಡಕ್ಕೆ ಒಂದು. 5 ಬಂತು, ಒಂದರ ತಂಡಕ್ಕೆ ಒಂದು. ಸಮ. 7, 11 ಎರಡೂ ಮೂರರ ತಂಡಕ್ಕೆ. 13, 17 ಒಂದರ ತಂಡಕ್ಕೆ, ಮತ್ತೆ ಸಮ. ಹೀಗೆ ನೋಡುತ್ತಾ ಹೋದರೆ ವಿಚಿತ್ರ. ಒಂದರ ತಂಡ ಆಗಾಗ ಸಮಕ್ಕೆ ಬರುತ್ತೆ, ಮುಂದೆ ಮಾತ್ರ ಹೋಗಲ್ಲ. ಸಾವಿರ ದಾಟಿದರೂ ಇಲ್ಲ, ಹತ್ತು ಸಾವಿರ ದಾಟಿದರೂ ಇಲ್ಲ. 26861ರಲ್ಲಿ ಮೊದಲ ಸಲ ಮುಂದೆ ಹೋಗುತ್ತೆ. ಮುಂದಿನ ಅವಿಭಾಜ್ಯ 26863, ಅದು ಮೂರರ ತಂಡದ್ದು. ಮತ್ತೆ ಸಮ! ಒಂದೇ ಒಂದು ಹೆಜ್ಜೆಯ ಗೆಲುವು. ಅದಾದ ಮೇಲೆ ಆರು ಲಕ್ಷ ದಾಟುವವರೆಗೂ ಇನ್ನೊಂದು ಸಲ ಮುಂದೆ ಬರಲಿಲ್ಲ.

4ರ ಬದಲು 3ರಿಂದ ಭಾಗಿಸಿದರೆ ಇದೇ ಓಟ ಇನ್ನೂ ಒಂದೇ ಕಡೆ. ಶೇಷ 2 ಇರುವ ತಂಡ ಮುಂದಿದ್ದೇ ಇರುತ್ತೆ. ಶೇಷ 1ರ ತಂಡ ಮೊದಲ ಸಲ ಮುಂದೆ ಬರುವುದು 608981813029ರಲ್ಲಿ. ಅರವತ್ತು ಸಾವಿರದ ಎಂಟುನೂರ ತೊಂಬತ್ತೆಂಟು ಕೋಟಿ ಚಿಲ್ಲರೆ. 1976ರಲ್ಲಿ ಬೇಸ್ ಮತ್ತು ಹಡ್ಸನ್ ಕಂಪ್ಯೂಟರಿನಲ್ಲಿ ಅಲ್ಲಿಯವರೆಗೆ ಹೋಗಿ ನೋಡಿದರು. ಅರವತ್ತು ಸಾವಿರ ಕೋಟಿಯವರೆಗೆ ಒಂದು ಅಪವಾದವೂ ಇಲ್ಲದ ಡೇಟಾ ಕೊಟ್ಟರೆ ಯಾವ ಮ್ಯಾನೇಜರ್ ತಾನೇ ಸೈನ್ ಮಾಡಲ್ಲ? ಎರಡೂ ತಂಡಗಳ ಪಾಲು ಕೊನೆಗೆ ಅರ್ಧರ್ಧಕ್ಕೇ ಹತ್ತಿರವಾಗುತ್ತದೆ ಅನ್ನುವುದಕ್ಕೆ ಹತ್ತೊಂಬತ್ತನೇ ಶತಮಾನದಲ್ಲೇ ಸಾಧನೆ ಸಿಕ್ಕಿತ್ತು ಅನ್ನೋದು ಬೇರೆ ಮಾತು.

ಇದಕ್ಕಿಂತ ಒಂದು ಕೈ ಮೇಲಿನದೂ ಇದೆ. ಒಂದು ಮಿತಿಯವರೆಗೆ ಎಷ್ಟು ಅವಿಭಾಜ್ಯಗಳಿವೆ ಅಂತ ಅಂದಾಜಿಸುವ ಒಂದು ಸೂತ್ರ ಗೌಸ್ ಕಾಲದಿಂದಲೂ ಇದೆ. ಎಣಿಸಿ ನೋಡಿದಲ್ಲೆಲ್ಲ ಅಂದಾಜು ನಿಜವಾದ ಎಣಿಕೆಗಿಂತ ಸ್ವಲ್ಪ ಹೆಚ್ಚೇ. ಇವತ್ತಿಗೂ, ಕಂಪ್ಯೂಟರ್ ಎಣಿಸಿದಷ್ಟು ದೂರವೂ ಹಾಗೇ ಇದೆ. ಆದರೆ 1914ರಲ್ಲಿ ಲಿಟಲ್‌ವುಡ್ ಅಂದಾಜು ಕಡಿಮೆಯಾಗುವ ಜಾಗಗಳು ಮುಗಿಯದಷ್ಟು ಇವೆ ಅಂತ ಸಾಧಿಸಿ ತೋರಿಸಿದ. ಈಗ ತಿಳಿದಿರುವ ಪ್ರಕಾರ ಅಂಥದ್ದೊಂದು ಜಾಗ ಇರುವುದು 1ರ ಮುಂದೆ 316 ಸೊನ್ನೆ ಬರೆದರೆ ಬರುವ ಸಂಖ್ಯೆಯ ಆಸುಪಾಸು. ನಮಗೆ ಕಾಣುವ ವಿಶ್ವದಲ್ಲಿರುವ ಪರಮಾಣುಗಳನ್ನು ಎಣಿಸಲು ಎಂಬತ್ತು ಚಿಲ್ಲರೆ ಅಂಕಿ ಸಾಕು. ಅಂದರೆ ಅಲ್ಲಿಯವರೆಗೆ ಒಂದೊಂದಾಗಿ ಎಣಿಸಿಕೊಂಡು ಹೋಗಿ ಕಣ್ಣಾರೆ ನೋಡುವುದು ಯಾರಿಂದಲೂ ಆಗದ ಮಾತು. ಇಡೀ ಮನುಷ್ಯಕುಲದ ಅನುಭವ ಒಂದು ಕಡೆ, ಸತ್ಯ ಇನ್ನೊಂದು ಕಡೆ.

ಹಾಗಾದರೆ ಸಾಧನೆ ಇಲ್ಲದೆ ಏನನ್ನೂ ನಂಬಬಾರದೆ? ಆ ಹಠ ಹಿಡಿದರೆ ಬೆಳಿಗ್ಗೆ ಹಾಲು ತರೋಕೂ ಆಗಲ್ಲ. ಇದರಲ್ಲಿ ಒಂದು ತಮಾಷೆಯೂ ಇದೆ. ನಾವು ಬ್ಯಾಂಕಿನ ವೆಬ್‌ಸೈಟ್ ತೆರೆದಾಗ ಕಾವಲಿಗಿರುವ ಆರ್‌ಎಸ್‌ಎ ಬೀಗಗಳು ದೊಡ್ಡ ದೊಡ್ಡ ಅವಿಭಾಜ್ಯಗಳಿಂದ ಮಾಡಿದವು. ಅವು ಅವಿಭಾಜ್ಯ ಹೌದೋ ಅಲ್ಲವೋ ಅನ್ನುವುದಕ್ಕೆ ಸಾಮಾನ್ಯವಾಗಿ ಯಾರೂ ಸಾಧನೆ ಕೇಳಲ್ಲ. ಮಿಲ್ಲರ್–ರಾಬಿನ್ ಅನ್ನುವ ಪರೀಕ್ಷೆ ಇದೆ. ಅನುಮಾನ ಇರುವ ಸಂಖ್ಯೆಗೆ ಯದ್ವಾತದ್ವಾ ಆರಿಸಿದ ಒಂದು ಸಾಕ್ಷಿಯನ್ನು ಎದುರು ನಿಲ್ಲಿಸಿ ಒಂದು ಪ್ರಶ್ನೆ ಕೇಳುವುದು. ಅವಿಭಾಜ್ಯವಾಗಿದ್ದರೆ ಯಾವಾಗಲೂ ಪಾಸ್. ಅಲ್ಲದಿದ್ದರೆ, ನಾಲ್ಕು ಸಾಕ್ಷಿಗಳಲ್ಲಿ ಹೆಚ್ಚೆಂದರೆ ಒಂದು ಮಾತ್ರ ಸುಳ್ಳು ಹೇಳಬಹುದು. ಹತ್ತು ಸಲ ಕೇಳಿದರೆ, ಅವಿಭಾಜ್ಯವಲ್ಲದ ಸಂಖ್ಯೆ ಹತ್ತೂ ಸಲ ತಪ್ಪಿಸಿಕೊಳ್ಳುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. ನನ್ನ ಸಂಬಳ ಬಂದು ಬೀಳುವ ಖಾತೆಯ ಬೀಗ ಇಂಥ 'ಬಹುಶಃ'ದ ಮೇಲೆ ನಿಂತಿರಬಹುದು, ನನಗೆ ಅದರಿಂದ ನಿದ್ದೆ ಕೆಟ್ಟಿಲ್ಲ. ಯಾಕೆಂದರೆ ಇಲ್ಲಿ ಅನುಮಾನಕ್ಕೂ ಒಂದು ಅಳತೆ ಇದೆ, ಮತ್ತು ಆ ಅಳತೆಗೆ ಸಾಧನೆ ಇದೆ. ಏಳು ಸಲ ಸರಿಯಾಯಿತು ಅನ್ನುವುದಕ್ಕೂ ಇದಕ್ಕೂ ಅಜಗಜಾಂತರ.

ನಮ್ಮಪ್ಪ ತಿಪಟೂರು ಕಡೆಯ ರೈತ. ಮಳೆ ನಕ್ಷತ್ರಗಳ ಲೆಕ್ಕ ಬಾಯಲ್ಲೇ ಇದೆ. ಇಂಥ ಮಳೆಗೆ ರಾಗಿ, ಇಂಥ ಮಳೆಗೆ ಹುರುಳಿ. ಆ ಲೆಕ್ಕ ನಂಬಿಯೇ ಬಿತ್ತುವುದು, ಆದರೂ ಮನೆಯಲ್ಲಿರುವ ಬೀಜವನ್ನೆಲ್ಲ ಒಂದೇ ಹದಕ್ಕೆ ಬಿತ್ತಿದ್ದನ್ನು ನಾನು ನೋಡಿಲ್ಲ. ಒಂದು ಚೀಲ ಯಾವಾಗಲೂ ಮೂಲೆಯಲ್ಲಿ ಇರುತ್ತಿತ್ತು.

ಅವಿಭಾಜ್ಯಗಳ ಕೊನೆಯ ಅಂಕಿಗೆ ಬರೋಣ, ನನ್ನ ನಿಜವಾದ ತಕರಾರು ಅಲ್ಲೇ ಇರುವುದು. 5ರಲ್ಲಿ ಕೊನೆಯಾಗುವ ದೊಡ್ಡ ಸಂಖ್ಯೆ ಬಂದರೆ ಒಳಗೆ ನೋಡದೆಯೇ 'ಇದು ಅವಿಭಾಜ್ಯ ಅಲ್ಲ' ಅಂತ ವಾಪಸ್ ಕಳಿಸಬಹುದು. ಇದರಲ್ಲಿ ಅನ್ಯಾಯವೇನೂ ಇಲ್ಲ. ಕೊನೆಯಲ್ಲಿ 5 ಇದ್ದರೆ 5 ಭಾಗಿಸುತ್ತದೆ, ಕಾರಣ ಕಣ್ಣೆದುರೇ ಇದೆ. ಹಾಗಾಗಿ ಒಂದಂಕಿಯವನ್ನು ಬಿಟ್ಟರೆ ಅವಿಭಾಜ್ಯಗಳೆಲ್ಲ 1, 3, 7, 9ರಲ್ಲೇ ಕೊನೆಯಾಗಬೇಕು. ಈ ನಾಲ್ಕು ಅಂಕಿಗಳು ಸಮಪಾಲು ಹಂಚಿಕೊಂಡಿವೆ. ಆದರೆ 2016ರಲ್ಲಿ ಸ್ಟ್ಯಾನ್‌ಫರ್ಡಿನ ಕಣ್ಣನ್ ಸೌಂದರರಾಜನ್ ಮತ್ತು ರಾಬರ್ಟ್ ಲೆಮ್ಕೆ ಆಲಿವರ್ ಒಂದು ವಿಚಿತ್ರವನ್ನು ಹೊರಗೆ ತಂದರು. ಸೌಂದರರಾಜನ್ ಮದರಾಸಿನಲ್ಲಿ ಹುಟ್ಟಿದವರು. ಮೊದಲ ಹತ್ತು ಕೋಟಿ ಅವಿಭಾಜ್ಯಗಳನ್ನು ಸಾಲಾಗಿ ನಿಲ್ಲಿಸಿ. 1ರಲ್ಲಿ ಕೊನೆಯಾಗುವ ಅವಿಭಾಜ್ಯದ ಪಕ್ಕದ್ದು ಮತ್ತೆ 1ರಲ್ಲೇ ಕೊನೆಯಾಗುವುದು ನೂರಕ್ಕೆ ಸುಮಾರು 18 ಸಲ ಮಾತ್ರ. 25 ಇರಬೇಕಿತ್ತಲ್ಲವೇ? 3 ಅಥವಾ 7 ಬರುವುದು ತಲಾ 30ರ ಹತ್ತಿರ, 9 ಬರುವುದು 22ರ ಹತ್ತಿರ. ತನ್ನ ಹಾಗೇ ಇರುವವರ ಪಕ್ಕ ಕೂರಲು ಅವಿಭಾಜ್ಯಗಳಿಗೆ ಇಷ್ಟವಿಲ್ಲದ ಹಾಗೆ! ಇನ್ನೊಂದು 1 ಬರಲು ಕನಿಷ್ಠ ಹತ್ತು ಹೆಜ್ಜೆ ಬೇಕು, ನಡುವೆ 3, 7, 9 ಸಿಕ್ಕಿಬಿಡಬಹುದು ಅನ್ನುವುದು ಸ್ವಲ್ಪ ಮಟ್ಟಿಗೆ ಕಾರಣ. ಅಷ್ಟರಿಂದಲೇ ಈ ಅಂತರವೆಲ್ಲ ಬರಲ್ಲ. ಉಳಿದದ್ದಕ್ಕೆ ಅವರಿಬ್ಬರೂ ಕೊಟ್ಟ ವಿವರಣೆ ಇನ್ನೂ ಸಾಧನೆಯಾಗದ ಒಂದು ಊಹೆಯ ಮೇಲೆ ನಿಂತಿದೆ. ಮುಂದೆ ಮುಂದೆ ಹೋದಂತೆ ಈ ತಾರತಮ್ಯ ಬಹಳ ನಿಧಾನವಾಗಿ ಕರಗುತ್ತದೆ ಅಂತಲೂ ಅದೇ ವಿವರಣೆ ಹೇಳುತ್ತದೆ.

5ರ ನಿಯಮವೂ ಕೊನೆಯ ಅಂಕಿಯದ್ದೇ, 18ರ ನಿಯಮವೂ ಕೊನೆಯ ಅಂಕಿಯದ್ದೇ. ಸ್ಪ್ರೆಡ್‌ಶೀಟಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಮೊದಲನೆಯದು ಆ ಸಂಖ್ಯೆಯ ಬಗ್ಗೆಯೇ ಹೇಳುತ್ತದೆ. ಎರಡನೆಯದು ಗುಂಪಿನ ಬಗ್ಗೆ ಹೇಳುತ್ತದೆ, ನಿಮ್ಮೆದುರು ನಿಂತಿರುವ ಈ ಒಂದು ಸಂಖ್ಯೆಯ ಬಗ್ಗೆ ಏನನ್ನೂ ಖಚಿತವಾಗಿ ಹೇಳಲ್ಲ. ಅದನ್ನು ತಿಳಿಯಬೇಕೆಂದರೆ ಆ ಸಂಖ್ಯೆಯನ್ನೇ ಕೇಳಬೇಕು. ಕೇಳುವ ದಾರಿಯೂ ಇದೆ. 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ, ಯಾವುದೇ ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ಅಂತ ಊಹೆ, ಅದೃಷ್ಟ ಯಾವುದನ್ನೂ ನೆಚ್ಚದೆ, ಅಂಕಿಗಳ ಸಂಖ್ಯೆ ಹೆಚ್ಚಿದರೂ ಹಿಡಿತ ಮೀರದ ಸಮಯದಲ್ಲಿ ಹೇಳುವ ವಿಧಾನ ಕೊಟ್ಟರು. ಸಂಖ್ಯೆಗಳಿಗೆ ನಾವು ಕೊಡುವ ಮರ್ಯಾದೆ ಇದು. ನೆಂಟರು ಎಂಥವರು, ಅಕ್ಕಪಕ್ಕ ಯಾರಿದ್ದಾರೆ ಅಂತ ನೋಡಿ ತೀರ್ಪು ಕೊಡಲ್ಲ.

ಮನುಷ್ಯರಿಗೆ ನಾವು ಕೊಡುವುದೇ ಬೇರೆ. ಹಿಂದೆ ನಾನಿದ್ದ ಒಂದು ಕಂಪನಿ ಫೋನಿನಲ್ಲೇ ಸಣ್ಣ ಸಾಲ ಕೊಡುತ್ತಿತ್ತು. ಮಾಡೆಲ್‌ಗೆ ಹಾಕುವ ನೂರೆಂಟು ವಿವರಗಳಲ್ಲಿ ಪಿನ್‌ಕೋಡೂ ಒಂದು. ಒಂದು ರಿವ್ಯೂ ದಿನ ಪಟ್ಟಿ ನೋಡುತ್ತಿದ್ದರೆ, ಬೇಡ ಅಂತ ಗುರುತು ಹಾಕಿದ ಪಿನ್‌ಕೋಡ್‌ಗಳಲ್ಲಿ ನಮ್ಮ ಹೋಬಳಿಯದೂ ಇತ್ತು. ಅಲ್ಲಿಂದ ಬಂದಿದ್ದ ಹಳೆಯ ಅರ್ಜಿ ಹನ್ನೊಂದು. ಅದರಲ್ಲಿ ಏಳು ಜನ ಕಂತು ತಪ್ಪಿಸಿದ್ದರು. ಏಳು!

ಯಾಕೆ ತಪ್ಪಿಸಿದರು ಅಂತ ನನಗೆ ಗೊತ್ತು, ಮಾಡೆಲ್‌ಗೆ ಗೊತ್ತಿಲ್ಲ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಸದ್ದು ಬಂದ ಮೇಲೆ ಸುಲಿದು ಒಡೆದು ಕೊಬ್ಬರಿ ತೆಗೆದು ಮಾರುಕಟ್ಟೆಗೆ. ದುಡ್ಡು ಬರುವುದು ಆವಾಗ. ತಿಂಗಳು ತಿಂಗಳು ಐದನೇ ತಾರೀಖು ಇಎಂಐ ಕಟ್ಟು ಅಂದರೆ ಅಟ್ಟದಿಂದ ಎಲ್ಲಿಂದ ಉದುರಬೇಕು? ಊರಿನ ಸಹಕಾರ ಸಂಘ ಬೆಳೆ ಸಾಲದ ಗಡುವನ್ನು ವರ್ಷಕ್ಕೊಂದು ಸಲ ಇಟ್ಟಿರುವುದು ಸುಮ್ಮನೆ ಅಲ್ಲ. ಇದನ್ನು ಮೀಟಿಂಗಿನಲ್ಲಿ ಹೇಳಿದೆ.

ಟೀಮಿನ ಗೆಳೆಯನೊಬ್ಬ, ಒಳ್ಳೆಯವನೇ, ಕೊಟ್ಟ ಉತ್ತರ ಇವತ್ತಿಗೂ ನನ್ನ ತಲೆಯಲ್ಲಿದೆ. "ಮಗಾ, ನೀನು ಹೇಳೋದು ನಿಜ ಇರ್ಬೋದು. ಆದ್ರೆ ಎಂಟು ಸಾವಿರ ರೂಪಾಯಿ ಸಾಲಕ್ಕೆ ಒಬ್ಬೊಬ್ರನ್ನೂ ಕೂರಿಸ್ಕೊಂಡು ಕಥೆ ಕೇಳಿದ್ರೆ ಬಡ್ಡಿಗಿಂತ ಕೇಳೋ ಖರ್ಚೇ ಜಾಸ್ತಿ ಆಗುತ್ತೆ. ಕೊನೆಗೆ ಯಾರಿಗೂ ಸಾಲ ಕೊಡೋಕಾಗಲ್ಲ." ಈ ಮಾತನ್ನು ಸುಲಭವಾಗಿ ತಳ್ಳಿಹಾಕುವವರನ್ನು ಕಂಡರೆ ನನಗೆ ನಂಬಿಕೆ ಬರಲ್ಲ. ಸಂಖ್ಯೆಯನ್ನು ಕೇಳಲು ಮಿಲಿಸೆಕೆಂಡು ಸಾಕು, ಮನುಷ್ಯನನ್ನು ಕೇಳಲು ಒಂದು ಮಧ್ಯಾಹ್ನ ಬೇಕು. ಮಾದರಿ ನೋಡಿ ನಿರ್ಧರಿಸುವುದೇ ಪಾಪ ಅನ್ನುವುದಾದರೆ ನಮ್ಮಪ್ಪ ಬಿತ್ತನೆಯನ್ನೇ ಮಾಡುವಂತಿರಲಿಲ್ಲ.

ನನ್ನ ತಕರಾರು ಇನ್ನೊಂದು. 31ರ ಆಟದಲ್ಲಿ ಏಳು ಸಲ ಆದಮೇಲೆ ಎಂಟನೆಯದನ್ನು ನೋಡಲು ನಮ್ಮನ್ನು ಯಾರೂ ತಡೆಯಲಿಲ್ಲ. ಆದ್ದರಿಂದಲೇ ನಿಯಮ ಸುಳ್ಳು ಅಂತ ಗೊತ್ತಾಯಿತು. ಪಿನ್‌ಕೋಡಿನ ನಿಯಮ ಒಮ್ಮೆ ಜಾರಿಯಾದರೆ ಆ ಹೋಬಳಿಯ ಹನ್ನೆರಡನೆಯ ಅರ್ಜಿ ಬಾಗಿಲಲ್ಲೇ ವಾಪಸ್. ಅವನು ಸರಿಯಾಗಿ ಕಟ್ಟುತ್ತಿದ್ದನೋ ಇಲ್ಲವೋ ಅನ್ನುವುದು ಯಾವ ಟೇಬಲ್ಲಿಗೂ ಸೇರಲ್ಲ. ಐದು ವರ್ಷ ಬಿಟ್ಟು ನೋಡಿದರೂ ಡೇಟಾ ಅಷ್ಟೇ ಹೇಳುತ್ತೆ: ಹನ್ನೊಂದರಲ್ಲಿ ಏಳು. ಆ ನಿಯಮ ತಪ್ಪಲು ಸಾಧ್ಯವೇ ಇಲ್ಲದಂತೆ ಕಟ್ಟಿದ್ದೇವೆ, ಆಮೇಲೆ ತಪ್ಪೇ ಇಲ್ಲ ಅಂತ ಡ್ಯಾಶ್‌ಬೋರ್ಡಿನಲ್ಲಿ ಹಸಿರು ಬಣ್ಣ. ಇನ್ನೂ ಒಂದಿದೆ. 26861ನ್ನು ಯಾರಾದರೂ ತಪ್ಪಾಗಿ ಅವಿಭಾಜ್ಯ ಅಲ್ಲ ಅಂದರೆ ಅದಕ್ಕೇನೂ ಆಗಲ್ಲ, ಅದು ಇದ್ದ ಹಾಗೇ ಇರುತ್ತೆ. ಸಾಲ ಸಿಗದವನು ಊರಿನ ಬಡ್ಡಿ ವ್ಯವಹಾರದವರ ಹತ್ತಿರ ಹೋಗುತ್ತಾನೆ, ದುಪ್ಪಟ್ಟು ಬಡ್ಡಿಗೆ ಸಿಕ್ಕಿಬೀಳುತ್ತಾನೆ, ಆಮೇಲೆ ನಿಜವಾಗಿಯೂ ಕಟ್ಟಲಾಗದವನಾಗುತ್ತಾನೆ. ಮಾಡೆಲ್ ಹೇಳಿದ್ದು ಸರಿಯಾಯಿತಲ್ಲ ಅನ್ನುತ್ತೇವೆ.

ಆ ಮೀಟಿಂಗಿನಲ್ಲಿ ನಾನು ಕೇಳಿದ್ದು ದೊಡ್ಡದೇನಲ್ಲ. ಬೇಡ ಅಂತ ಬಂದ ಅರ್ಜಿಗಳಲ್ಲಿ ನೂರಕ್ಕೆ ಎರಡನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಸಾಲ ಕೊಟ್ಟು ನೋಡೋಣ. ನಷ್ಟವಾದರೆ ಅದನ್ನು ಪರೀಕ್ಷೆಯ ಖರ್ಚು ಅಂತ ಬರೆದುಕೊಳ್ಳೋಣ. ಜೊತೆಗೆ ಕೃಷಿ ಆದಾಯದವರಿಗೆ ವರ್ಷಕ್ಕೆ ಒಂದೇ ಕಂತಿನ ಆಯ್ಕೆ. ಫೈನಾನ್ಸಿನವರು ಎರಡು ಯಾಕೆ, ಒಂದು ಸಾಕಾಗಲ್ವಾ ಅಂದರು. ಆಗಬಹುದು ಅಂದೆ. ಸೊನ್ನೆ ಮಾತ್ರ ಬೇಡ ಅಂದೆ. ಗೆಳೆಯ ಟಿಕೆಟ್ ಬರೆದ. ನಾನು ಆ ಕಂಪನಿ ಬಿಡುವ ಹೊತ್ತಿಗೆ ಅದು ಮೂರನೇ ಸಲ ಮುಂದಿನ ಕ್ವಾರ್ಟರ್‌ಗೆ ಹೋಗಿತ್ತು.